ಧಣಿಯ ಬಣ್ಣ

ಆ ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟು ವರ್ಷಗಳಾಗಿದ್ದವು. ಹಾಗೆಂದ ಮಾತ್ರಕ್ಕೆ ಮನೆ ತಣ್ಣಗಿತ್ತು ಎಂದು ಯಾರೂ ತಿಳಿಯಬಾರದು. ಇಬ್ಬರೂ ದಿನವೂ ಮಾತಾಡುತ್ತಿದ್ದರು, ಬೇಕಾದಷ್ಟು ಜಗಳವನ್ನೂ ಆಡುತ್ತಿದ್ದರು, ಆದರೆ ಎಲ್ಲವೂ ಸೊಸೆಯ ಮೂಲಕ. ಊಟದ ಮೇಜಿನ ಈ ತುದಿಯಲ್ಲಿ ಮಾವ, ಆ ತುದಿಯಲ್ಲಿ ಗಂಡ, ನಡುವೆ ಸೌಟು ಹಿಡಿದುಕೊಂಡು ಅವಳು. ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ನಿನ್ನ ಗಂಡನಿಗೆ ಹೇಳಮ್ಮ ಎನ್ನುವರು ಮಾವ. ನಲ್ಲಿಯವನು ನಾಳೆ ಬರುತ್ತಾನೆ ಎಂದು ನಿಮ್ಮ ಮಾವನಿಗೆ ಹೇಳು ಎನ್ನುವನು ಗಂಡ. ಇಬ್ಬರ ಕಿವಿಯೂ ನೆಟ್ಟಗೇ ಇತ್ತು, ಮಾತು ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೂ ಅವಳು ಅದನ್ನು ಇನ್ನೊಮ್ಮೆ ಆಡದ ಹೊರತು ಯಾರೂ ತಲೆಯೆತ್ತುತ್ತಿರಲಿಲ್ಲ. ಹಗಲೆಲ್ಲ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಈ ಮಾತ್ರೆ ಊಟಕ್ಕೆ ಮುಂಚೆ, ಆ ಮಾತ್ರೆ ಊಟದ ಮೇಲೆ ಎಂದು ಒದರಿ ಒದರಿ ಗಂಟಲು ಒಣಗಿಸಿಕೊಂಡು ಬಂದವಳಿಗೆ ಮನೆಯಲ್ಲೂ ಅದೇ ಕೆಲಸ. ತಾನು ಈ ಮನೆಯ ಸೊಸೆಯೋ ಟೆಲಿಫೋನ್ ಎಕ್ಸ್‌ಚೇಂಜೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಮಾತು ಬಿಟ್ಟದ್ದಕ್ಕೆ ಕಾರಣ ಬೋರ್ಡು. ಮಾವ ಬೋರ್ಡು ಬರೆಯುವವರು. ಒಂದು ಕಾಲದಲ್ಲಿ ಆ ಊರಿನ ಅರ್ಧಕ್ಕರ್ಧ ಅಂಗಡಿಗಳ ತಲೆಯ ಮೇಲೆ ಅವರ ಕೈಯ ಅಕ್ಷರಗಳಿದ್ದವು. ಆಮೇಲೆ ಯಂತ್ರದಲ್ಲಿ ಬ್ಯಾನರು ಅಚ್ಚಾಗುವ ಕಾಲ ಬಂತು. ಬಂದರೆ ಬರಲಿ ಎನ್ನಬಹುದಿತ್ತು. ಆದರೆ ಹೆತ್ತ ಮಗನೇ ಹೋಗಿ ಬ್ಯಾನರ್ ಅಂಗಡಿಯಲ್ಲಿ ಯಂತ್ರದ ಮುಂದೆ ಕೂತ. ಅದೇ ಸುಮಾರಿಗೆ ಅಪ್ಪನ ಗಿರಾಕಿಗಳು ಒಬ್ಬೊಬ್ಬರಾಗಿ ಆ ಅಂಗಡಿಯ ಕಡೆಗೇ ನಡೆದರು. ಮೊದಲು ಹೋದವನು ಹಾಲಿನಂಗಡಿಯವನು. ಮನೆಮುರುಕ ಎಂದು ಮಾವ ಅವತ್ತು ಒಂದೇ ಮಾತು ಆಡಿ ಬಾಯಿಗೆ ಬೀಗ ಹಾಕಿಕೊಂಡರು. ಗಂಡ ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಹೆಂಡತಿ ಕೇಳಿದರೂ ಹೇಳಲಿಲ್ಲ, ಹೊಟ್ಟೆಪಾಡು ಎಂದಷ್ಟೇ ಅಂದ.

ಇವರಿಬ್ಬರ ನಡುವೆ ಯಾರ ಅಪ್ಪಣೆಯೂ ಇಲ್ಲದೆ ಓಡಾಡಿಕೊಂಡಿದ್ದದ್ದು ಧಣಿ ಒಂದೇ. ಧಣಿ ಎಂದರೆ ಬೆಕ್ಕು. ಬಿಳಿಯ ಗಂಡುಬೆಕ್ಕು. ಹೊತ್ತುಹೊತ್ತಿಗೆ ಬಂದು ತಿಂದು, ಕೆಲಸವೆಂದು ಒಂದು ಇಲಿಯನ್ನೂ ಹಿಡಿಯದೆ, ಉಳಿದ ಹೊತ್ತು ಊರು ಸುತ್ತುತ್ತಿದ್ದ ಕಾರಣಕ್ಕೆ ಅತ್ತೆ ಅದಕ್ಕೆ ಆ ಹೆಸರಿಟ್ಟಿದ್ದರು. ಮೊಮ್ಮಗಳಿಗೆ ಪಟಾಕಿ ಎಂದು ಹೆಸರಿಟ್ಟವರೂ ಅವರೇ. ಸದಾ ಚಟಪಟ ಎನ್ನುತ್ತಿದ್ದ ಆ ಹುಡುಗಿಗೆ ಧಣಿ ಎಂದರೆ ಜೀವ.

ಧಣಿ ಮನೆ ಬಿಟ್ಟು ಓಡಿದ್ದು ಒಂದು ಮಧ್ಯಾಹ್ನದ ಊಟದ ಹೊತ್ತಿಗೆ. ಪಟಾಕಿಗೆ ಓದಲು ಮೇಜು ಹಾಕಬೇಕು, ಹಿಂದಿನ ಕೋಣೆಯಲ್ಲಿರುವ ಬಣ್ಣದ ಡಬ್ಬಗಳನ್ನು ತೆಗೆಸಬೇಕು ಎಂದು ನಿಮ್ಮ ಮಾವನಿಗೆ ಹೇಳು ಎಂದ ಗಂಡ. ಅವಳು ಹೇಳುವ ಮೊದಲೇ ಮಾವ ತಟ್ಟೆಯನ್ನು ತಳ್ಳಿದರು. ತಟ್ಟೆ ನೆಲಕ್ಕೆ ಬಿದ್ದು ಠಣಾರೆಂದು ಸದ್ದು ಮಾಡುತ್ತ ಗೋಡೆಯವರೆಗೆ ಉರುಳಿತು. ಮೇಜಿನ ಕೆಳಗೆ ಮೀನಿನ ಮುಳ್ಳಿಗೆ ಕಾದಿದ್ದ ಧಣಿ ಕಿಟಕಿಯಿಂದ ಹಾರಿ ಹೋಯಿತು. ರಾತ್ರಿ ಬರಲಿಲ್ಲ, ಮರುದಿನ ಬರಲಿಲ್ಲ, ಆ ವಾರವೆಲ್ಲ ಬರಲಿಲ್ಲ. ಪಟಾಕಿ ಊಟ ಬಿಟ್ಟಳು. ತಟ್ಟೆ ಬೀಳಿಸಿದ್ದು ಯಾರು ಕೇಳು ಎಂದ ಗಂಡ. ಬೀಳಿಸುವ ಹಾಗೆ ಮಾಡಿದ್ದು ಯಾರು ಕೇಳು ಎಂದರು ಮಾವ.

ಅವಳಿಗೆ ಸಾಕಾಗಿ ಹೋಯಿತು. ಗಂಡನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ನಿಲ್ಲಿಸಿದಳು.

“ನೋಡ್ರಿ, ಶಾಲೆಗೆ ರಜಾ ಕೊಡೋದರೊಳಗೆ ನೀವಿಬ್ಬರೂ ಎದುರಾಬದುರಾ ಕೂತು ಮಾತಾಡಬೇಕು. ಇಲ್ಲದಿದ್ದರೆ ಮಗಳನ್ನ ಕರ್ಕೊಂಡು ನಾನು ಬೇರೆ ಮನೆ ಮಾಡ್ತೀನಿ. ನಮ್ಮ ಅಂಗಡಿ ಮೇಲಿನ ಕೋಣೆ ಖಾಲಿ ಇದೆ, ನೋಡಿಕೊಂಡು ಬಂದಿದೀನಿ.”

“ಬೆಕ್ಕು ಓಡಿಹೋಗಿದ್ದಕ್ಕೆ ಮನೆ ಬಿಡ್ತೀಯಾ?”

“ಬೆಕ್ಕಿಗಾದರೂ ಬುದ್ಧಿ ಇತ್ತು ಅಂತ ಬಿಡ್ತೀನಿ.”

ಇದು ಬಾಯಿಮಾತಾಗಿರಲಿಲ್ಲ. ಆ ಕೋಣೆಯಲ್ಲಿ ಒಲೆ ಎಲ್ಲಿಡಬೇಕು, ಪಟಾಕಿಯ ಮೇಜು ಯಾವ ಗೋಡೆಗೆ ಹಾಕಬೇಕು ಎಂದು ಕೂಡ ಅವಳು ಲೆಕ್ಕ ಹಾಕಿಟ್ಟಿದ್ದಳು. ಗಂಡನಿಗೆ ಅದು ಅವಳ ಮುಖದಲ್ಲಿ ಕಂಡಿರಬೇಕು. ಆದರೆ ಅಪ್ಪನ ಹತ್ತಿರ ಹೋಗಿ ಮಾತಾಡುವ ಬದಲು ಅವನು ತನ್ನ ಬ್ಯಾನರ್ ಅಂಗಡಿಗೆ ಹೋಗಿ ಧಣಿಯ ಫೋಟೊ ಅಚ್ಚು ಹಾಕಿಸಿಕೊಂಡು ಬಂದ. ಬೆಕ್ಕು ಸಿಕ್ಕಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಅವನ ಎಣಿಕೆ. ಪಟಾಕಿ ಸ್ನಾನ ಮಾಡಿಸಿದ ದಿನ ತೆಗೆದ ಫೋಟೊ ಅದು, ಬೆಕ್ಕು ಹತ್ತಿಯ ಉಂಡೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅಪ್ಪಟ ಬಿಳಿ ಬೆಕ್ಕು ಕಾಣೆಯಾಗಿದೆ ಎಂದು ಕೆಳಗೆ ದಪ್ಪಕ್ಷರ. ಬೀದಿಬೀದಿಗೆ ಹಚ್ಚಿದರು. ಟ್ಯೂಷನ್ನು, ಜಿಮ್ಮು, ಖಾಲಿ ನಿವೇಶನ ಎಂದು ಗೋಡೆ ತುಂಬ ಅಂಥವೇ ಕಾಗದಗಳಿದ್ದವು. ಇದೂ ಅವುಗಳ ನಡುವೆ ಹೋಗಿ ಕೂತುಕೊಂಡಿತು. ಯಾರೂ ಫೋನು ಮಾಡಲಿಲ್ಲ.

ಮಾವ ಅದನ್ನು ಕೇಳಿ ತಿಳಿದುಕೊಂಡರು. ಮರುದಿನ ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲು ತೆಗೆದು, ಹಳೆಯ ತಗಡುಗಳನ್ನು ಉಜ್ಜಿ, ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಯಂತ್ರದವರು ಹಚ್ಚಿದ್ದನ್ನು ಯಾರು ಓದುತ್ತಾರೆ, ಕೈಯಲ್ಲಿ ಬರೆದದ್ದಾದರೆ ನಿಂತು ನೋಡುತ್ತಾರೆ ಎಂದು ಗೋಡೆಗೆ ಹೇಳಿದರು. ಎಷ್ಟೋ ವರ್ಷದ ಮೇಲೆ ಹಿಂದಿನ ಕೋಣೆಯಿಂದ ಬಣ್ಣದ ವಾಸನೆ ಬಂತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಳುವಿನ ಮುಖವೋ ನಗುವಿನ ಮುಖವೋ ತಿಳಿಯದ ಹಾಗೆ ನೋಡುತ್ತಿದ್ದರು.

ಬೋರ್ಡುಗಳು ಹೊರಗೆ ಬಂದವು. ಅಕ್ಷರಗಳು ಮುಟ್ಟಿ ನೋಡಬೇಕು ಎನ್ನುವ ಹಾಗಿದ್ದವು. ಬೆಕ್ಕು ಕೂತ ಭಂಗಿ, ಹರಿದ ಕಿವಿ, ಯಾರಿಗೂ ಸೊಪ್ಪು ಹಾಕದ ಕಣ್ಣು, ಎಲ್ಲ ಧಣಿಯದೇ. ಆದರೆ ಬೆಕ್ಕಿನ ಮೈ ಮಾತ್ರ ಹಳದಿ.

ಪಟಾಕಿ ಸುಮ್ಮನಿರುವ ಹುಡುಗಿಯಲ್ಲ. ತಾತ, ಧಣಿ ಬಿಳಿ ಅಲ್ವಾ, ನೀವು ಹಳದಿ ಬಳಿದಿದೀರಲ್ಲ ಎಂದುಬಿಟ್ಟಳು. ಬಿಳಿ ಡಬ್ಬದಿಂದಲೇ ಬಳಿದದ್ದು, ನನಗೆ ಬಣ್ಣ ಹೇಳಿಕೊಡಲು ಬರುತ್ತೀಯಾ ಎಂದು ಮಾವ ಗದರಿದರು. ಅತ್ತೆ ಮೊಮ್ಮಗಳ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದರು. ಬಿಳಿ ಬಣ್ಣ ಒಣಗಿ ಹೋಗಿರಬೇಕು, ಇದ್ದದ್ದನ್ನು ಬಳಿದು ಈಗ ಹಟಕ್ಕೆ ಒಪ್ಪಿಕೊಳ್ಳುತ್ತಿಲ್ಲ ಎಂದು ಸೊಸೆ ಅಂದುಕೊಂಡಳು. ಹಟ ಆ ಮನೆಯಲ್ಲಿ ಹೊಸದೇನಲ್ಲ. ಅವಳು ಆಶ್ಚರ್ಯಪಟ್ಟದ್ದು ಗಂಡನನ್ನು ನೋಡಿ. ಅವನು ಬೋರ್ಡನ್ನು ಬಹಳ ಹೊತ್ತು ನೋಡಿದ, ಏಣಿ ತಂದು ತಾನೇ ಕಂಬಕ್ಕೆ ಕಟ್ಟಿ ಬಂದ.

ಕೈಬರಹದ ಬೋರ್ಡನ್ನು ಜನ ನಿಂತು ನೋಡುತ್ತಾರೆ ಎಂದು ಮಾವ ಹೇಳಿದ್ದು ಸುಳ್ಳಾಗಲಿಲ್ಲ. ಆ ವಾರದಿಂದ ಮನೆಗೆ ಬೆಕ್ಕುಗಳು ಬರಲು ಶುರುವಾದವು. ಚೀಲದಲ್ಲಿ, ಬುಟ್ಟಿಯಲ್ಲಿ, ಒಬ್ಬ ಪುಣ್ಯಾತ್ಮ ಹೆಲ್ಮೆಟ್ಟಿನೊಳಗೆ. ಎಲ್ಲವೂ ಹಳದಿ ಬೆಕ್ಕುಗಳು. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಯಾರಾದರೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೆಣ್ಣುಬೆಕ್ಕು ಎಂದೋ ಮರಿ ಎಂದೋ ಬಾಲ ಮೋಟು ಎಂದೋ ಮಾವ ಎಲ್ಲವನ್ನೂ ಮುಟ್ಟಿ ನೋಡಿ ವಾಪಸು ಕಳಿಸಿದರು. ಬಣ್ಣದ ಮಾತು ಒಮ್ಮೆಯೂ ಆಡಲಿಲ್ಲ. ಕೊನೆಗೆ ಒಬ್ಬ ತರಕಾರಿ ಗಾಡಿಯವನು ಒಂದು ದೊಡ್ಡ ಗಂಡುಬೆಕ್ಕನ್ನು ತಂದ. ಅದರ ಕಿವಿಯೂ ಹರಿದಿತ್ತು. ಮಾವ ಅದರ ಬೆನ್ನು ಸವರಿದರು, ಅದು ಗುರುಗುಟ್ಟುತ್ತ ಅವರ ತೊಡೆ ಏರಿ ಕೂತಿತು.

“ಬಂತಲ್ಲ ನಮ್ಮ ಧಣಿ,” ಎಂದರು ಮಾವ.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆ ನೋಡಿದರು. ಗಂಡನ ಮುಖ ನೋಡಿದಳು. ಇರಲಿ ಬಿಡು, ಅವರಿಗೆ ಸಮಾಧಾನವಾದರೆ ಸಾಕು ಎಂದು ಅವನು ಮೆಲ್ಲಗೆ ಹೇಳಿ ಒಳಗೆ ಹೋದ. ಪಟಾಕಿ ಇದು ಧಣಿ ಅಲ್ಲವೇ ಅಲ್ಲ ಎಂದು ಕೂಗಿ ಹಾಸಿಗೆಯ ಮೇಲೆ ಬಿದ್ದುಕೊಂಡು ಅತ್ತಳು. ಈ ಮನೆಯಲ್ಲಿ ತಲೆ ನೆಟ್ಟಗಿರುವವಳು ಅವಳೊಬ್ಬಳೇ ಎಂದು ಸೊಸೆಗೆ ಅನ್ನಿಸಿತು.

ಈ ಸಲ ಬೆಕ್ಕು ಓಡಿಹೋಗಬಾರದು ಎಂದು ಮಾವ ಹೊಸ ಕಾನೂನು ಮಾಡಿದರು. ಕಿಟಕಿ ತೆಗೆಯುವಂತಿಲ್ಲ. ಮುಂಬಾಗಿಲು ತೆಗೆಯುವವರು ಮೊದಲು ನಡುಬಾಗಿಲು ಹಾಕಬೇಕು, ನಡುಬಾಗಿಲು ತೆಗೆಯುವವರು ಮೊದಲು ಕೂಗಬೇಕು. ಬಟ್ಟೆ ಒಣಹಾಕಲು ಹೋಗಬೇಕಾದರೆ ಅವಳು ಒದ್ದೆ ಬಕೆಟ್ಟು ಹಿಡಿದುಕೊಂಡು ಹಿತ್ತಿಲ ಬಾಗಿಲ ಬಳಿ ನಿಂತು, ಬೆಕ್ಕು ಎಲ್ಲಿದೆ ಎಂದು ಕೂಗಿ, ಉತ್ತರ ಬರುವವರೆಗೆ ಕಾಯಬೇಕಿತ್ತು. ಮೀನು ಹುರಿದರೆ ಹೊಗೆ ಹೋಗಲು ದಾರಿಯಿಲ್ಲ. ಮರಳಿನ ತಟ್ಟೆ ಸ್ವಚ್ಛ ಮಾಡುವ ಕೆಲಸ ಯಾರದೆಂದು ಯಾರೂ ಮಾತಾಡಿಕೊಂಡಿರಲಿಲ್ಲ, ಆದ್ದರಿಂದ ಅದು ಅವಳದಾಯಿತು. ಬೆಕ್ಕು ಹಗಲೆಲ್ಲ ನಿದ್ದೆ ಮಾಡಿ, ಸಂಜೆಯಾದ ಕೂಡಲೇ ಬಾಗಿಲ ಮುಂದೆ ಕೂತು ಯಾರೋ ಸತ್ತುಹೋದ ಹಾಗೆ ಗೋಳಾಡುತ್ತಿತ್ತು. ಪರದೆ ಹರಿಯಿತು. ಗಂಡನ ಕೆಲಸದ ಅಂಗಿಯ ಮೇಲೆ ಉಚ್ಚೆ ಹೊಯ್ಯಿತು. ಆ ಅಂಗಿಯನ್ನು ಮೂರು ಸಲ ಒಗೆದರೂ ವಾಸನೆ ಹೋಗದಾಗ, ಔಷಧಿ ಅಂಗಡಿಯ ಯಜಮಾನನಿಗೆ ಮೇಲಿನ ಕೋಣೆ ಬೇರೆಯವರಿಗೆ ಕೊಡಬೇಡಿ ಎಂದು ಅವಳು ಹೇಳಿ ಬಂದಳು. ಶಾಲೆಯ ಪರೀಕ್ಷೆಗಳು ಆಗಲೇ ಶುರುವಾಗಿದ್ದವು.

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಗಲಾಟೆ ಕೇಳಿಸಿತು. ಮುಖ್ಯರಸ್ತೆಯ ಪಂಕ್ಚರ್ ಅಂಗಡಿಯವನು ಬಂದಿದ್ದ. ಅವನ ಹಿಂದೆ ಬೀದಿಯ ನಾಲ್ಕಾರು ಜನ, ಸುಮ್ಮನೆ ಬಂದವರು. ನಮ್ಮ ಬೆಕ್ಕು ಹೋಗಿ ಬಹಳ ದಿನ ಆಯಿತು, ಹುಡುಕುತ್ತ ಬಂದರೆ ಕಂಬದ ಮೇಲೆ ಅದರದೇ ಚಿತ್ರ ಬರೆದು ನಿಮ್ಮ ಮನೆಯ ವಿಳಾಸ ಹಾಕಿದ್ದೀರಲ್ಲ ಎಂದು ಅವನು ಕೇಳುತ್ತಿದ್ದ. ಜಗಳಕ್ಕೆ ಬಂದವನಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದ.

ಮಾವ ಬೆಕ್ಕನ್ನು ಎದೆಗೆ ಅವುಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ನಿನ್ನದು ಯಾವ ಬಣ್ಣದ ಬೆಕ್ಕಪ್ಪ ಎಂದು ಕೇಳಿದರು. ಹಳದಿ ಎಂದ ಅವನು. ಮಾವ ನಕ್ಕರು. ನಮ್ಮದು ಬಿಳಿ, ಹೋಗಿ ಬೇರೆ ಕಡೆ ಹುಡುಕಿಕೋ ಎಂದು, ಬೆಕ್ಕನ್ನು ಎರಡೂ ಕೈಯಲ್ಲಿ ಮೇಲೆತ್ತಿ ಇಡೀ ಬೀದಿಗೆ ತೋರಿಸಿದರು. ಬಿಸಿಲಿನಲ್ಲಿ ಆ ಬೆಕ್ಕು ಮಾಗಿದ ಬಾಳೆಹಣ್ಣಿನ ಹಾಗೆ ಹಳದಿಯಾಗಿತ್ತು. ಯಾರೋ ಕಿಸಕ್ಕನೆ ನಕ್ಕರು. ಉಳಿದವರು ನಗಲಿಲ್ಲ.

“ಏನ್ರಪ್ಪ, ಇದು ಹಳದೀನಾ?” ಎಂದರು ಮಾವ. ನಿಂತವರು ಬೆಕ್ಕು ಬಿಟ್ಟು ನೆಲ ನೋಡಿದರು. ಅವರು ಒಬ್ಬೊಬ್ಬರ ಕಡೆಗೂ ತಿರುಗಿದರು, ಕಣ್ಣು ಕಿರಿದು ಮಾಡಿದರು. ಕೈ ಸ್ವಲ್ಪ ಕೆಳಗಿಳಿಯಿತು.

ಆಗ ಸೊಸೆಗೆ ತಿಳಿಯಿತು. ಒಂದೇ ಏಟಿಗೆ ಎಲ್ಲವೂ ತಿಳಿಯಿತು. ಈಗಿನ ಬಲ್ಬುಗಳಲ್ಲಿ ಬೆಳಕೇ ಇಲ್ಲ ಎಂದು ಮಾವ ಗೊಣಗುತ್ತಿದ್ದದ್ದು, ಪೇಪರನ್ನು ಅತ್ತೆಯ ಕೈಯಲ್ಲಿ ಓದಿಸುತ್ತಿದ್ದದ್ದು, ಈಗಿನ ಬಣ್ಣಗಳೆಲ್ಲ ಕಲಬೆರಕೆ ಎನ್ನುತ್ತಿದ್ದದ್ದು. ಕಣ್ಣಿನ ಔಷಧಿಯ ಬಾಟಲಿಗಳನ್ನು ದಿನಾ ಕೈಯಾರೆ ಮಾರುವವಳು ಅವಳು. ತನ್ನ ಮೇಲೇ ಅವಳಿಗೆ ಕೆಂಡದಂಥ ಕೋಪ ಬಂತು.

ಮಾವ ಬಾಗಿಲ ಕಡೆಗೆ ತಿರುಗಿದರು. ಅಲ್ಲಿ ಮಗ ಬಂದು ನಿಂತಿದ್ದ.

“ನಿನ್ನ ಗಂಡನ್ನ ಕೇಳಮ್ಮ. ಅವನೇ ಹೇಳಲಿ, ಇದು ಯಾವ ಬಣ್ಣ ಅಂತ.”

ಅಭ್ಯಾಸಬಲದಿಂದ ಅವಳ ಬಾಯಿ ತೆರೆದುಕೊಂಡಿತು. ತೆರೆದದ್ದನ್ನು ಅವಳು ಮುಚ್ಚಿದಳು.

“ನೀವೇ ಕೇಳಿ ಮಾವ. ನಾನು ಕೇಳಲ್ಲ.”

ಬೀದಿಯವರೆಲ್ಲ ನೋಡುತ್ತಿದ್ದರು. ಬೆಕ್ಕು ಕೊಸರಾಡಿತು. ಅವಳು ಹೋಗಿ ಅದನ್ನು ಅವರ ಕೈಯಿಂದ ತೆಗೆದುಕೊಂಡಳು, ಆದರೆ ಮಾತು ತೆಗೆದುಕೊಳ್ಳಲಿಲ್ಲ.

“ಯಾವ ಬಣ್ಣನೋ ಇದು?” ಎಂದರು ಮಾವ ಕೊನೆಗೆ.

“ಹಳದಿ ಅಪ್ಪ,” ಎಂದ ಮಗ.

ಅಷ್ಟು ವರ್ಷಗಳ ಮೇಲೆ ಅಪ್ಪ ಮಗ ನೇರವಾಗಿ ಆಡಿದ ಮೊದಲ ಮಾತು ಇದು. ಮಾವ ಮೆಟ್ಟಿಲ ಮೇಲೇ ಕೂತುಬಿಟ್ಟರು. ಸೊಸೆ ಬೆಕ್ಕನ್ನು ಪಂಕ್ಚರ್ ಅಂಗಡಿಯವನಿಗೆ ಕೊಟ್ಟಳು. ಅವನು ಹೋಗಲಾರದೆ ಗೇಟಿನ ಬಳಿಯೇ ನಿಂತಿದ್ದ.

“ಬೋರ್ಡಿನಲ್ಲಿರೋ ಬೆಕ್ಕು?”

“ಅದೂ ಹಳದಿ.”

“ಹಾಲಿನಂಗಡಿ ಬೋರ್ಡು? ನೀಲಿ ಮೇಲೆ ಬಿಳಿ ಬರೆದಿದ್ದೆ ನಾನು.”

ಮಗ ತಲೆ ತಗ್ಗಿಸಿದ. “ಹಸಿರು ಮೇಲೆ ಹಳದಿ ಇತ್ತಪ್ಪ. ಅವರು ನನ್ನ ಹತ್ತಿರ ಬಂದು ಹೇಳಿದರು, ನಿಮ್ಮಪ್ಪನಿಗೆ ನಾವು ಹೇಳೋಕಾಗಲ್ಲ, ನೀನೇ ಹೇಳು ಅಂತ. ನನಗೂ ಆಗಲಿಲ್ಲ.”

“ಅದಕ್ಕೆ?”

“ಅದಕ್ಕೆ ಬ್ಯಾನರ್ ಅಂಗಡೀಲಿ ಮಾಡಿಸಿಕೊಟ್ಟೆ. ಆಮೇಲೆ ಇನ್ನೂ ನಾಲ್ಕು ಜನ ಬಂದರು. ನಾನು ಆ ಕೆಲಸಕ್ಕೆ ಸೇರಿದರೆ ಯಂತ್ರ ಬಂತು ಅಂತ ಜನ ನಿನ್ನ ಬಿಟ್ಟರು ಅಂದ್ಕೊಳ್ತೀಯ ಅಂತ ಸೇರಿಬಿಟ್ಟೆ. ನಿನ್ನ ಕೈ ಕೆಟ್ಟಿತು ಅಂತ ಅಂದ್ಕೊಳ್ಳೋದಕ್ಕಿಂತ ಮಗ ಕೆಟ್ಟ ಅಂತ ಅಂದ್ಕೊಳ್ಳೋದು ಮೇಲು ಅಂದ್ಕೊಂಡೆ.”

ಮಾತಾಡಿದವಳು ಸೊಸೆ. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೆಂಕಿ ಇತ್ತು. ಬೀದಿಯವರು ಇದ್ದಾರೆ ಎನ್ನುವುದನ್ನೂ ಅವಳು ಲಕ್ಷ್ಯಕ್ಕೆ ತರಲಿಲ್ಲ.

“ಅಲ್ಲ ರೀ, ಅದು ಪೊರೆ. ಕಣ್ಣಿನ ಪೊರೆ. ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋದರೆ ಸಂಜೆ ಮನೆಗೆ ಕಳಿಸ್ತಾರೆ. ಇಷ್ಟು ವರ್ಷ ಈ ಮನೇಲಿ ಒಬ್ಬರ ಮುಖ ಒಬ್ಬರು ನೋಡದೆ ಬದುಕಿದ್ದು ಇದಕ್ಕಾ? ನಿಮ್ಮ ದೊಡ್ಡತನ ಕಟ್ಟಿಕೊಂಡು ನಾನೇನು ಮಾಡಲಿ? ಡಾಕ್ಟರ ಹತ್ತಿರ ಒಂದು ಚೀಟಿ ಮಾಡಿಸೋಕೆ ಆಗಲಿಲ್ವಾ ನಿಮಗೆ?”

ಕೈ ಹೋಗಿದೆ ಅಂದುಕೊಂಡಿದ್ದೆ, ಕಣ್ಣು ಅಂತ ನನಗೆ ಹೊಳೆಯಲೇ ಇಲ್ಲ ಎಂದು ಗಂಡ ತೊದಲಿದ. ಅತ್ತೆ ಬಾಗಿಲ ಮರೆಯಿಂದ, ನನಗೆ ಹೊಳೆದಿತ್ತು ಕಣೇ ಎಂದರು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಸೊಸೆ ತಿರುಗಿ ಕೇಳಿದಳು. ಹೇಳಿದರೆ ಬೈಯುತ್ತಾರೆ ಎಂದು ಹೇಳಲಿಲ್ಲ, ದಿನಾ ಅಂಗಿ ನಾನೇ ಆರಿಸಿ ಕೊಡುತ್ತಿದ್ದೆ ಎಂದರು ಅತ್ತೆ. ಸೊಸೆ ಹಣೆ ಚಚ್ಚಿಕೊಂಡಳು.

ಪಂಕ್ಚರ್ ಅಂಗಡಿಯವನು ಆಗ ಕೆಮ್ಮಿದ. ಹೊರಡುವ ಮೊದಲು ಒಂದು ಮಾತು ಹೇಳಬೇಕು ಎಂದ. ತನ್ನ ಅಂಗಡಿಯ ಹಿಂದೆ ಹಳೆಯ ಟೈರುಗಳ ರಾಶಿಯಿದೆ, ಅದರೊಳಗೆ ಇನ್ನೊಂದು ಗಂಡುಬೆಕ್ಕು ಬಂದು ಸೇರಿಕೊಂಡಿದೆ, ಅದರ ಕಾಟಕ್ಕೇ ತನ್ನ ಬೆಕ್ಕು ಓಡಿಹೋದದ್ದು. ಆದರೆ ಅದು ಬಿಳಿಯಲ್ಲ, ಕರೀ ಬೆಕ್ಕು. ಟೈರಿನ ಮಸಿ ಮೆತ್ತಿಕೊಂಡು ಹಾಗಾಗಿದೆಯೋ ಏನೋ ತನಗೆ ಗೊತ್ತಿಲ್ಲ ಎಂದ.

ಮೊದಲು ಎದ್ದವರು ಮಾವ. ಗೋಡೆ ಹಿಡಿದುಕೊಂಡು ಎದ್ದು, ಹಿಂದಿನ ಕೋಣೆಗೆ ಹೋಗಿ ಒಂದು ಬ್ರಷ್ಷನ್ನೂ ಖಾಲಿ ಡಬ್ಬವನ್ನೂ ತಂದರು. ಅವರು ಬೋರ್ಡು ಬರೆಯುತ್ತ ಬ್ರಷ್ಷನ್ನು ಡಬ್ಬದ ಅಂಚಿಗೆ ತಟ್ಟಿದರೆ ಧಣಿ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಿತ್ತಂತೆ, ಆಗಿನ್ನೂ ಅದು ಮರಿ. ಆ ಕೆಲಸ ನಿಂತ ಮೇಲೆ ಅದನ್ನು ಕರೆಯಲೆಂದು ತಟ್ಟಿರಲಿಲ್ಲ. ಮಗ ಚಪ್ಪಲಿ ಮೆಟ್ಟಿಕೊಂಡ. ಪಟಾಕಿ ಮೀನಿನ ತುಂಡು ತಂದಳು. ಅಡುಗೆ ಅರ್ಧಕ್ಕೆ ಬಿಟ್ಟು ಸೊಸೆಯೂ ಹೊರಟಳು, ಇವರನ್ನು ನಂಬಿ ಕಳಿಸುವ ಹಾಗಿರಲಿಲ್ಲ.

ಟೈರುಗಳು ಆಳೆತ್ತರಕ್ಕೆ ಬಿದ್ದಿದ್ದವು. ಮಾವ ನಿಂತಲ್ಲೇ ನಿಂತು ಡಬ್ಬ ತಟ್ಟಿದರು. ಏನೂ ಅಲ್ಲಾಡಲಿಲ್ಲ. ಇನ್ನೂ ಎರಡು ಸಲ ತಟ್ಟಿದರು. ರಾಶಿಯೊಳಗೆ ಏನೋ ಸರಿದ ಸದ್ದಾಯಿತು, ಲಾರಿಯ ಟೈರಿನ ಹೊಟ್ಟೆಯಿಂದ ಒಂದು ಕಪ್ಪು ತಲೆ ಹೊರಗೆ ಬಂತು. ಮಗ ಕೈಚಾಚಿದ ಕೂಡಲೇ ಅದು ಒಳಗೆ ಹೋಯಿತು.

“ನೀನು ಮುಟ್ಟಬೇಡ,” ಎಂದರು ಮಾವ. “ಎಲ್ಲಿದೆ ಹೇಳು, ಸಾಕು.”

“ಎಡಕ್ಕೆ ಬಾ ಅಪ್ಪ. ಇನ್ನೂ ಸ್ವಲ್ಪ. ಕೆಳಗೆ ರಾಡ್ ಬಿದ್ದಿದೆ, ಕಾಲೆತ್ತಿಡು.”

“ಎತ್ತಿದೆ.”

“ಈಗ ನಿನ್ನ ಮೊಣಕಾಲಿನ ಎತ್ತರಕ್ಕಿದೆ. ತಟ್ಟು.”

ಅವರು ತಟ್ಟಿದರು. ಆ ಮಸಿಮುದ್ದೆ ಮೆಲ್ಲಗೆ ಹೊರಗೆ ಬಂದು, ಮೀನನ್ನು ಮೂಸಿ, ಅದನ್ನು ಬಿಟ್ಟು ಮಾವನ ಕಾಲಿಗೆ ಮೈ ಉಜ್ಜಿತು. ಅವರ ಬಿಳಿ ಪೈಜಾಮದ ಮೇಲೆ ಕಪ್ಪು ಪಟ್ಟೆ ಬಿತ್ತು. ಪಟಾಕಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕುಣಿದಳು. ಮಾವ ಬಗ್ಗಿ ಬೆಕ್ಕನ್ನು ಎತ್ತಿಕೊಂಡು, ಮಗನ ಹೆಗಲ ಮೇಲೆ ಕೈಯಿಟ್ಟು, ರಾಡು ದಾಟಿ ಹೊರಗೆ ಬಂದರು. ಪೈಜಾಮ ಒಗೆಯುವವಳು ಯಾರು ಎಂದು ಸೊಸೆ ಕೇಳಿದಳು, ಆದರೆ ಯಾರಿಗೂ ಕೇಳಿಸಲಿಲ್ಲ.

ಧಣಿಗೆ ಸ್ನಾನ ಮಾಡಿಸಿದಾಗ ಬಂದ ನೀರನ್ನು ನೋಡಿ ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆ ವಾರವೇ ಮಾವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದಾಗ ಸೊಸೆ ಗಂಡನನ್ನು ತೋರಿಸಿದಳು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಬಗ್ಗಬಾರದು, ಧೂಳಿಗೆ ಹೋಗಬಾರದು, ಕಪ್ಪು ಕನ್ನಡಕ ತೆಗೆಯಬಾರದು, ಕೆಲವು ವಾರ ಮನೆಯಲ್ಲೇ ಇರಬೇಕು ಎಂದರು. ಬೆಕ್ಕನ್ನೂ ಹೊರಗೆ ಬಿಡುವಂತಿರಲಿಲ್ಲ. ಊರು ಸುತ್ತಿ ರೂಢಿಯಾದ ಎರಡು ಜೀವಗಳು ಒಂದೇ ಕೋಣೆಯಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದವು. ಧಣಿ ಬಾಗಿಲು ಕೆರೆದರೆ ಮಾವ ಅದರ ಪರವಾಗಿ ವಾದ ಮಾಡುತ್ತಿದ್ದರು. ಬ್ಯಾನರ್ ಅಂಗಡಿಯಿಂದ ಬಲೆ ತಂದು ಗಂಡ ಕಿಟಕಿಗಳಿಗೆಲ್ಲ ಹೊಡೆದ. ಮೊಳೆ ಸೊಟ್ಟಗೆ ಹೊಡೆಯುತ್ತಿದ್ದೀಯ, ಸದ್ದಿನಲ್ಲೇ ಗೊತ್ತಾಗುತ್ತೆ ಎಂದು ಮಾವ ಕಣ್ಣಿನ ಪಟ್ಟಿಯ ಹಿಂದಿನಿಂದ ಹೇಳಿದರು. ಸೊಟ್ಟಗಿದ್ದರೆ ನೀನೇ ಬಂದು ಹೊಡಿ ಎಂದ ಮಗ. ಹೀಗೆ ಶುರುವಾದದ್ದು ಮಧ್ಯಾಹ್ನದವರೆಗೆ ನಡೆಯಿತು. ಸೊಸೆ ನಡುವೆ ಬಾಯಿ ಹಾಕಲಿಲ್ಲ, ಯಾರೂ ಅವಳನ್ನು ಕೇಳಲೂ ಇಲ್ಲ. ಔಷಧಿ ಅಂಗಡಿಯ ಯಜಮಾನನಿಗೆ ಕೋಣೆ ಬೇರೆಯವರಿಗೆ ಕೊಡಿ ಎಂದು ಹೇಳಿದಳು.

ಎರಡನೆಯ ಕಣ್ಣಿನ ಪಟ್ಟಿ ತೆಗೆಸಿಕೊಂಡು, ಕಪ್ಪು ಕನ್ನಡಕವನ್ನೂ ಬಿಟ್ಟು ಬಂದ ದಿನ ಮಾವ ಮನೆಯೊಳಗೆಲ್ಲ ಓಡಾಡಿದರು. ಆಪರೇಷನ್ ಯಾಕಾದರೂ ಮಾಡಿಸಿದೆನೋ ಎಂದು ಸೊಸೆಗೆ ಅನ್ನಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಒಲೆಯ ಹಿಂದಿನ ಗೋಡೆ ಎಣ್ಣೆ ಹಿಡಿದು ಕಂದಾಗಿದೆ ಎಂದರು. ಫ್ಯಾನಿನ ರೆಕ್ಕೆಯಲ್ಲಿ ಜೇಡರ ಬಲೆ ಕಂಡುಹಿಡಿದರು. ಲೋಟ ಸರಿಯಾಗಿ ತೊಳೆದಿಲ್ಲ ಎಂದರು. ಕಿಟಕಿಗೆ ಈ ದರಿದ್ರ ಹಸಿರು ಬಳಿದವನು ಯಾರು ಎಂದು ಕೇಳಿದರು, ನೀವೇ ಎಂದು ಅತ್ತೆ ಹೇಳಿದಾಗ ಸುಮ್ಮನಾದರು. ಧಣಿಯ ಕಿವಿಯ ಹಿಂದೆ ಇನ್ನೂ ಮಸಿಯಿದೆ ಎಂದು ತೋರಿಸಿದರು. ಕಣ್ಣಿಗೆ ಔಷಧಿ ಬಿಡಲು ಅವಳು ಬಾಟಲಿ ಹಿಡಿದುಕೊಂಡು ಅವರ ಹಿಂದೆ ಕೋಣೆಯಿಂದ ಕೋಣೆಗೆ ಅಲೆದಳು, ಅವರು ಕೂರಲೇ ಇಲ್ಲ.

ಸಂಜೆ ಗಂಡ ಕೆಲಸದಿಂದ ಬಂದ. ಮೊದಲು ಮುಂಬಾಗಿಲು ಹಾಕಿ, ಆಮೇಲೆ ನಡುಬಾಗಿಲು ಹಾಕಿ, ಚೀಲ ಕೆಳಗಿಟ್ಟು, ಹೇಗಿದೆ ಅಪ್ಪ ಕಣ್ಣು ಎಂದು ಕೇಳಿದ. ಮಾವ ಹತ್ತಿರ ಬಂದರು. ಮಗನ ಗಲ್ಲ ಹಿಡಿದು ಮುಖವನ್ನು ದೀಪದ ಕಡೆಗೆ ತಿರುಗಿಸಿದರು, ಆ ಕಡೆ ಈ ಕಡೆ ನೋಡಿದರು. ಕೈ ಮೇಲೆ ಹೋಗಿ ಅವನ ಕಿವಿಯ ಪಕ್ಕದ ಕೂದಲ ಮೇಲೆ ನಿಂತಿತು.

“ನಿನ್ನ ತಲೆ ಯಾವಾಗ ಹೀಗೆ ಬೆಳ್ಳಗಾಯ್ತೋ?”

“ಆಗಿ ಬಹಳ ದಿನ ಆಯ್ತಪ್ಪ.”

“ಇಷ್ಟೊಂದು?”

ಮಗ ನಗಲು ನೋಡಿದ, ಆಗಲಿಲ್ಲ. ಮಾವ ಕೈ ತೆಗೆಯಲಿಲ್ಲ. ನೋಡುತ್ತಲೇ ಇದ್ದರು.

“ನನಗೆ ಯಾರೂ ಹೇಳಲೇ ಇಲ್ಲ,” ಎಂದರು. ಅವರ ಕಣ್ಣಿನಿಂದ ನೀರು ಇಳಿಯಿತು.

ಈಗ ಅಳಬಾರದು ಎಂದು ಡಾಕ್ಟರು ಹೇಳಿದ್ದಾರೆ, ಇಬ್ಬರೂ ಬಂದು ಊಟಕ್ಕೆ ಕೂತುಕೊಳ್ಳಿ ಎಂದು ಸೊಸೆ ಗದರಿದಳು. ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಅವಳು ಸೆರಗಿನಿಂದ ತನ್ನ ಮುಖ ಒರೆಸಿಕೊಂಡು, ಅನ್ನ ಆರುತ್ತದೆ ಎಂದು ಇನ್ನೊಮ್ಮೆ ಹೇಳಿ ಒಳಗೆ ಹೋದಳು.